ಹೆರಿಗೆಯ ಪಾಠ ಗರ್ಭಿಣಿಯೊಬ್ಬಳಿಗೇ ಸಾಲದು

ಹೆರಿಗೆಗೆ ಮುಂಚೆ ತರಗತಿಗೆ ಹೋಗುವುದು ನಮ್ಮ ಭಕ್ತರ ಮನೆಗಳಲ್ಲಿ ಈಗ ತೀರಾ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಬೆಂಗಳೂರು, ಹುಬ್ಬಳ್ಳಿ, ಪುಣೆಗಳಲ್ಲಿ ನೌಕರಿಯಲ್ಲಿರುವ ಮಗ-ಸೊಸೆಯರು ನಾಲ್ಕೈದು ವಾರಗಳ ತರಬೇತಿಗೆ ಹಣ ಕಟ್ಟಿ, ರಜೆಯ ದಿನಗಳಲ್ಲಿ ಜೊತೆಯಾಗಿ ಹೋಗಿ ಬರುತ್ತಾರೆ. ಸುದ್ದಿ ಊರಿಗೆ ತಲುಪಿದಾಗ ಹಿರಿಯರಿಂದ ಬರುವ ಮಾತು ಸಾಮಾನ್ಯವಾಗಿ ಒಂದೇ: “ನಾವೇನು ಸಾಲೀಗೆ ಹೋಗಿ ಹಡದೇವೇನು?”

ಈ ಮಾತನ್ನು ನಕ್ಕು ತಳ್ಳಿಹಾಕುವುದು ಸುಲಭ. ಆದರೆ ನಮ್ಮ ಅಜ್ಜಿಯಂದಿರೂ ಸಾಲೆಗೆ ಹೋಗಿಯೇ ಹಡೆದವರು. ಆ ಸಾಲೆ ಮನೆಯೊಳಗೇ ಇತ್ತು ಅಷ್ಟೆ. ಹಿರಿಯಕ್ಕನ ಬಾಣಂತನದಲ್ಲಿ ನೀರು ಕಾಯಿಸಿದವಳು, ಚಿಕ್ಕಮ್ಮನ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆದವಳು, ಅತ್ತಿಗೆ ಬೇನೆ ತಿನ್ನುವಾಗ ಸೂಲಗಿತ್ತಿಯ ಪಕ್ಕದಲ್ಲಿ ದೀಪ ಹಿಡಿದು ನಿಂತವಳು ತನ್ನ ಸರದಿ ಬರುವ ಹೊತ್ತಿಗೆ ಎಷ್ಟನ್ನೋ ಕಣ್ಣಾರೆ ಕಂಡಿರುತ್ತಿದ್ದಳು. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಇಡೀ ನಾಡು ಗೌರವಿಸಿದ್ದು ಅಂತಹ ಒಂದು ಸಾಲೆಯ ಗುರುವನ್ನೇ. ಅದೇ ವರುಷದ ಡಿಸೆಂಬರಿನಲ್ಲಿ ಅವರು ಲಿಂಗೈಕ್ಯರಾದಂತೆ, ಆ ಸಾಲೆಯೂ ಮುಚ್ಚಿತೆನ್ನಬಹುದು.

ಮುಚ್ಚಿದ್ದು ಒಳ್ಳೆಯದಕ್ಕೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇಕಡ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲಿಯೇ ಆಗುತ್ತಿವೆ. ರಕ್ತಸ್ರಾವದಿಂದ, ನಂಜಿನಿಂದ, ಅಡ್ಡಲಾಗಿ ನಿಂತ ಕೂಸಿನಿಂದ ತಾಯಂದಿರು ಮನೆಯ ಕತ್ತಲಕೋಣೆಯಲ್ಲಿ ಕಣ್ಣುಮುಚ್ಚುತ್ತಿದ್ದ ಕಾಲವನ್ನು ನೆನೆದರೆ ಇದು ಸಣ್ಣ ಸಾಧನೆಯಲ್ಲ. ಆದರೆ ಹೆರಿಗೆಯು ಆಸ್ಪತ್ರೆಯ ಬಾಗಿಲೊಳಗೆ ಸೇರಿಕೊಂಡ ಮೇಲೆ ಮನೆಯ ಹೆಣ್ಣುಮಕ್ಕಳಿಗೆ ಅದನ್ನು ನೋಡಿ ಕಲಿಯುವ ಅವಕಾಶ ತಪ್ಪಿತು. ಇಂದು ಚೊಚ್ಚಲ ಬಸುರಿಯಾದ ಅನೇಕರು ತಮ್ಮ ಮಗುವನ್ನು ಎತ್ತಿಕೊಳ್ಳುವುದಕ್ಕೆ ಮುಂಚೆ ಒಂದು ವಾರದ ಕೂಸನ್ನು ಕೈಯಲ್ಲಿ ಹಿಡಿದೇ ಇರುವುದಿಲ್ಲ. ಹೆರಿಗೆಪೂರ್ವ ತರಗತಿ ಈ ತೆರವಾದ ಜಾಗವನ್ನು ತುಂಬಲೆಂದು ಬಂದದ್ದು. ಪಶ್ಚಿಮದ ದೇಶಗಳಲ್ಲಿಯೂ ಹಾಗೆಯೇ ಆಯಿತು. ಹೆರಿಗೆಗಳು ಆಸ್ಪತ್ರೆಗೆ ಸಾಗಿದ ಕಾಲದಲ್ಲಿಯೇ, 1930ರ ದಶಕದಲ್ಲಿ, ಇಂಗ್ಲೆಂಡಿನ ವೈದ್ಯ ಗ್ರಾಂಟ್ಲಿ ಡಿಕ್-ರೀಡ್ ಭಯವು ಮೈಯನ್ನು ಬಿಗಿಸುತ್ತದೆ, ಬಿಗಿದ ಮೈ ನೋವನ್ನು ಹೆಚ್ಚಿಸುತ್ತದೆ ಎಂದು ವಾದಿಸಿದರು. 1950ರ ದಶಕದಲ್ಲಿ ಪ್ಯಾರಿಸಿನ ವೈದ್ಯ ಫರ್ನಾಂಡ್ ಲಮಾಜ್ ಉಸಿರಾಟದ ಅಭ್ಯಾಸವನ್ನು ಗರ್ಭಿಣಿಯರಿಗೆ ಮುಂಚಿತವಾಗಿ ಕಲಿಸತೊಡಗಿದರು. ಇಂದು ನಮ್ಮ ನಗರಗಳಲ್ಲಿ ‘ಲಮಾಜ್ ತರಗತಿ’ ಎಂಬ ಹೆಸರು ಕೇಳಿಬರುವುದು ಅವರಿಂದಲೇ.

ಹಾಗಾದರೆ ತರಗತಿ ಬೇಕೇ ಎಂಬುದು ಪ್ರಶ್ನೆಯಲ್ಲ. ಎಂತಹದು ಬೇಕು, ಅದರಲ್ಲಿ ಯಾರು ಕೂರಬೇಕು ಎಂಬುದೇ ಪ್ರಶ್ನೆ. ಇಲ್ಲಿಯೇ ನಮ್ಮ ಮನೆಗಳು ಎಡವುತ್ತಿವೆ ಎಂಬುದು ನಮ್ಮ ಅಭಿಪ್ರಾಯ.

ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕೆಂಬುದು ನಮ್ಮಲ್ಲಿ ಬಹುಕಾಲದ ರೂಢಿ. ಸೊಸೆ ಬೆಂಗಳೂರಿನಲ್ಲಿ ಗಂಡನ ಜೊತೆ ಐದು-ಆರನೆಯ ತಿಂಗಳಲ್ಲಿ ತರಗತಿಗೆ ಹೋಗುತ್ತಾಳೆ. ಏಳನೆಯ ತಿಂಗಳಿಗೆ ಕುಬಸವಾಗುತ್ತದೆ. ಅವಳು ಗದಗಿನ ಬಳಿಯ ಹಳ್ಳಿಗೋ, ದಾವಣಗೆರೆಗೋ ತವರಿಗೆ ಬರುತ್ತಾಳೆ. ಬೇನೆ ಬಂದಾಗ ಜೊತೆಗಿರುವವಳು ಹಡೆದವ್ವ. ಕೂಸಿಗೆ ಮೊದಲು ಏನು ನೆಕ್ಕಿಸಬೇಕೆಂದು ನಿರ್ಧರಿಸುವವಳು ಅಮ್ಮನೋ, ಅಜ್ಜಿಯೋ, ಆಸ್ಪತ್ರೆಗೆ ನೋಡಲು ಬಂದ ಸೋದರತ್ತೆಯೋ. ತರಗತಿಯಲ್ಲಿ ಕಲಿತ ಗಂಡ ರೈಲಿನಲ್ಲಿದ್ದಾನೆ. ಕಲಿತ ಹೆಂಡತಿ ಆಗಷ್ಟೇ ಹೆತ್ತು, ಕೆಲವೊಮ್ಮೆ ಸಿಸೇರಿಯನ್ ಆಗಿ, ಕಣ್ಣು ಬಿಡಲೂ ತ್ರಾಣವಿಲ್ಲದೆ ಮಲಗಿದ್ದಾಳೆ. ಕಲಿತವರಿಬ್ಬರೂ ನಿರ್ಧಾರ ಮಾಡುವ ಜಾಗದಲ್ಲಿಲ್ಲ. ನಿರ್ಧಾರ ಮಾಡುವವರಿಗೆ ಯಾರೂ ಏನನ್ನೂ ಹೇಳಿಲ್ಲ. ಸಾವಿರಾರು ರೂಪಾಯಿ ಕೊಟ್ಟು ಪಡೆದ ಪಾಠವು ಬೇಕಾದ ಗಳಿಗೆಯಲ್ಲಿ ಬೆಂಗಳೂರಿನಲ್ಲಿಯೇ ಉಳಿದಿರುತ್ತದೆ.

ಅದೇ ಸಮೀಕ್ಷೆಯ ಮತ್ತೆರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ದೇಶದಲ್ಲಿ ಆಸ್ಪತ್ರೆಯ ಹೆರಿಗೆಗಳು ಶೇಕಡ 88.6. ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಎದೆಹಾಲು ಕಂಡ ಮಕ್ಕಳು ಶೇಕಡ 41.8 ಮಾತ್ರ. ಆಸ್ಪತ್ರೆಯ ಗೋಡೆಯೊಳಗೇ, ದಾದಿಯರು ಓಡಾಡುವ ಜಾಗದಲ್ಲಿಯೇ, ಅರ್ಧಕ್ಕೂ ಹೆಚ್ಚು ಮಕ್ಕಳಿಗೆ ಮೊದಲ ಗಂಟೆಯ ಹಾಲು ತಪ್ಪುತ್ತಿದೆ. ಇದಕ್ಕೆ ಆಸ್ಪತ್ರೆಗಳ ಅವಸರವೂ, ಸಿಬ್ಬಂದಿಯ ಕೊರತೆಯೂ ಕಾರಣವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ‘ಹಾಲು ಇನ್ನೂ ಇಳಿದಿಲ್ಲ, ಮೂರನೆಯ ದಿನ ಇಳಿಯುತ್ತದೆ, ಅಲ್ಲಿಯವರೆಗೆ ಸಕ್ಕರೆ ನೀರು ಹಾಕೋಣ’ ಎಂಬ ಮನೆಯವರ ಮಾತಿನ ಪಾಲೂ ಅದರಲ್ಲಿದೆ. ಮೊದಲ ದಿನಗಳಲ್ಲಿ ಬರುವ ಹಳದಿ ಬಣ್ಣದ ಗಿಣ್ಣು ಹಾಲು ಅಳತೆಯಲ್ಲಿ ಕೆಲವೇ ಚಮಚೆ. ಹುಟ್ಟಿದ ದಿನ ಕೂಸಿನ ಹೊಟ್ಟೆಗೆ ಬೇಕಾದದ್ದೂ ಅಷ್ಟೇ. ರೋಗವನ್ನು ತಡೆಯುವ ಅಂಶಗಳು ಅದರಲ್ಲಿ ದಟ್ಟವಾಗಿರುತ್ತವೆ. ಹಸು ಕರು ಹಾಕಿದಾಗ ಗಿಣ್ಣನ್ನು ಕರುವಿಗೆ ಬಿಡಬೇಕೆಂದು ತಿಳಿದಿರುವ ಒಕ್ಕಲು ಮನೆತನದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ತರಗತಿಯನ್ನು ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ, ಗರ್ಭಿಣಿಯ ತಾಯಿಯನ್ನೋ ಅತ್ತೆಯನ್ನೋ ಜೊತೆಗೆ ಕೂರಿಸಿಕೊಳ್ಳುತ್ತಾರೆಯೇ ಎಂಬುದು. ಪಾಠ ಕನ್ನಡದಲ್ಲಿ ನಡೆಯುತ್ತದೆಯೇ ಎಂಬುದನ್ನೂ ಅದರ ಜೊತೆಗೇ ಕೇಳಬೇಕು. ಇಂಗ್ಲಿಷಿನ ಪಾಠದಲ್ಲಿ ಹಡೆದವ್ವನನ್ನು ಕೂರಿಸಿ ಪ್ರಯೋಜನವಿಲ್ಲ. ಸಾಧ್ಯವಿದ್ದಲ್ಲಿ ಹೆರಿಗೆ ಎಲ್ಲಿ ಆಗಲಿದೆಯೋ ಅದೇ ಊರಿನಲ್ಲಿ, ಅದೇ ಆಸ್ಪತ್ರೆಯಲ್ಲಿ ತರಗತಿ ಇದೆಯೇ ಎಂದು ವಿಚಾರಿಸುವುದು ಉತ್ತಮ. ಇಲ್ಲವಾದರೆ ಬೆಂಗಳೂರಿನ ತರಗತಿಯವರೇ ಒಂದೆರಡು ಪಾಠಗಳಿಗೆ ಊರಿನಲ್ಲಿರುವ ಹಿರಿಯರನ್ನು ಫೋನಿನ ವಿಡಿಯೋ ಮೂಲಕ ಸೇರಿಸಿಕೊಳ್ಳಬಹುದು. ಕೇಳಿದರೆ ಒಪ್ಪುವವರು ಸಿಗುತ್ತಾರೆ, ಕೇಳುವವರು ಕಡಿಮೆ.

ಎರಡನೆಯ ಪ್ರಶ್ನೆ ಪಾಠದ ಹೂರಣದ ಬಗೆಗೆ. ಬಹಳಷ್ಟು ತರಗತಿಗಳು ಬೇನೆಯ ಹೊತ್ತಿನ ಉಸಿರಾಟ, ಕೂರುವ ಭಂಗಿ, ದೊಡ್ಡ ಚೆಂಡಿನ ಮೇಲಿನ ವ್ಯಾಯಾಮಗಳಿಗೆ ಹೆಚ್ಚಿನ ಸಮಯವನ್ನು ಕೊಡುತ್ತವೆ. ಅವು ಬೇಡವೆಂದು ನಾವು ಹೇಳುತ್ತಿಲ್ಲ. ಆದರೆ ಹೆರಿಗೆ ಒಂದು ದಿನದ ಮಾತು. ಅದರ ನಂತರದ ನಲವತ್ತು ದಿನಗಳ ಬಗೆಗೆ ಕೊನೆಯ ಪಾಠದ ಕೊನೆಯ ಅರ್ಧ ಗಂಟೆಯನ್ನು ಮಾತ್ರ ಕೊಡುವ ತರಗತಿಗೆ ಹಣ ಕಟ್ಟಬಾರದು. ಕೂಸು ದಿನಕ್ಕೆ ಎಂಟರಿಂದ ಹನ್ನೆರಡು ಬಾರಿ ಹಾಲು ಕುಡಿಯುತ್ತದೆ ಎಂಬುದನ್ನು ಮುಂಚೆಯೇ ತಿಳಿದಿರದ ಮನೆಯವರು, ಗಂಟೆಗೊಮ್ಮೆ ಅಳುವ ಮಗುವನ್ನು ಕಂಡು ‘ಇವಳಿಗೆ ಹಾಲು ಸಾಲದು’ ಎಂದು ಡಬ್ಬಿಯ ಪುಡಿಯನ್ನು ತರಿಸುತ್ತಾರೆ. ಡಬ್ಬಿಯ ಹಾಲು ಒಳಗೆ ಹೋದಷ್ಟೂ ಕೂಸು ಎದೆ ಚೀಪುವುದು ಕಡಿಮೆಯಾಗುತ್ತದೆ. ಚೀಪುವುದು ಕಡಿಮೆಯಾದಷ್ಟೂ ಹಾಲು ನಿಜವಾಗಿಯೇ ಬತ್ತುತ್ತದೆ. ಮೊದಲ ವಾರ ಮಗುವಿನ ತೂಕ ಸ್ವಲ್ಪ ಇಳಿದು, ಎರಡು ವಾರದ ಹೊತ್ತಿಗೆ ಮರಳಿ ಹುಟ್ಟಿದಾಗಿನ ತೂಕಕ್ಕೆ ಬರುವುದು ಸಹಜ. ಐದಾರು ದಿನ ತುಂಬಿದ ಕೂಸು ದಿನಕ್ಕೆ ಆರು ಬಾರಿಯಾದರೂ ಉಚ್ಚೆ ಹೊಯ್ಯುತ್ತಿದ್ದರೆ ಹಾಲು ಸಾಲುತ್ತಿದೆಯೆಂದೇ ಅರ್ಥ. ಈ ಒಂದು ಲೆಕ್ಕವನ್ನು ಅಜ್ಜಿಗೆ ಮನವರಿಕೆ ಮಾಡಿಕೊಟ್ಟ ತರಗತಿ, ಉಸಿರಾಟದ ಹತ್ತು ಬಗೆಗಳನ್ನು ಕಲಿಸಿದ ತರಗತಿಗಿಂತ ಹೆಚ್ಚಿನದನ್ನು ಮಾಡಿದಂತೆ.

ಬಾಣಂತನದ ನಮ್ಮ ರೂಢಿಗಳ ವಿಷಯದಲ್ಲಿ ಒಳ್ಳೆಯ ತರಗತಿಯು ವಿವೇಕದಿಂದ ಮಾತನಾಡಬೇಕು. ಎಲ್ಲವನ್ನೂ ಮೌಢ್ಯವೆಂದು ಹೀಗಳೆಯುವವರನ್ನು ಹಿರಿಯರು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಅಂಟಿನುಂಡಿ, ಅಳವಿಯ ಪಾಯಸ, ಸಬ್ಬಸಿಗೆ ಪಲ್ಯಗಳಿಂದ ಬಾಣಂತಿಗೆ ಕೇಡೇನಿಲ್ಲ. ಹೆತ್ತ ಮೈಗೆ ಶಕ್ತಿ ಬೇಕು. ನಲವತ್ತು ದಿನ ಅಡುಗೆ, ಬಟ್ಟೆಗಳ ದುಡಿತದಿಂದ ಅವಳನ್ನು ಬಿಡಿಸಿ ವಿಶ್ರಾಂತಿ ಕೊಡುವ ಪದ್ಧತಿಯಂತೂ ಬೇರೆಯವರು ನಮ್ಮಿಂದ ಕಲಿಯತಕ್ಕದ್ದು. ಆದರೆ ಹಾಲೂಡಿಸುವ ತಾಯಿಗೆ ‘ಹೊಟ್ಟೆ ಬರುತ್ತದೆ’ ಎಂದು ಕುಡಿಯುವ ನೀರನ್ನು ಕಡಿಮೆ ಮಾಡುವುದು ತಪ್ಪು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆಯ ಹೊಗೆ, ಅದರ ಮೇಲೆ ಕೂಸಿಗೆ ಲೋಬಾನದ ಹೊಗೆ, ಎಳೆಯ ಪುಪ್ಪುಸಕ್ಕೆ ಶತ್ರು. ಜೇನು ನೆಕ್ಕಿಸುವುದಂತೂ ಒಂದು ವರುಷ ತುಂಬುವವರೆಗೆ ಸಲ್ಲದು; ಜೇನಿನಲ್ಲಿರಬಹುದಾದ ಒಂದು ಬಗೆಯ ಸೂಕ್ಷ್ಮಜೀವಿ ಹಸುಳೆಯ ಕರುಳಿನಲ್ಲಿ ವಿಷವನ್ನುಂಟುಮಾಡಿ ಮೈಯ ಸ್ನಾಯುಗಳನ್ನೇ ಸೋಲಿಸಬಲ್ಲದು. ಬಜೆ ತೇಯ್ದು ಹಾಕುವುದಕ್ಕೂ ಆರು ತಿಂಗಳವರೆಗೆ ಎಡೆಯಿಲ್ಲ; ಆವರೆಗೆ ಎದೆಹಾಲೊಂದೇ. ಹೊಕ್ಕುಳಿಗೆ ಅರಿಸಿನ, ಬೂದಿ, ಎಣ್ಣೆ ಏನನ್ನೂ ಹಚ್ಚದೆ ಒಣಗಲು ಬಿಡಬೇಕು. ಹುಟ್ಟಿದ ಕೂಡಲೇ ಕೂಸಿಗೆ ಎರೆಯುವ ಆತುರ ಬೇಡ; ಕನಿಷ್ಠ 24 ಗಂಟೆ ಕಾಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆ ಮೊದಲ ದಿನ ಕೂಸಿಗೆ ಬೇಕಾದ ಬಿಸುಪು ತಾಯಿಯ ಎದೆಯ ಮೇಲಿದೆ, ಬಿಸಿನೀರಿನ ಹಂಡೆಯಲ್ಲಿಲ್ಲ.

ಇಲ್ಲಿ ನಮ್ಮ ಸಮಾಜಕ್ಕೆ ಸಂಬಂಧಪಟ್ಟ ಒಂದು ಮಾತನ್ನು ಹೇಳದೆ ಇರಲಾಗದು. ಪಂಚಸೂತಕಗಳನ್ನು ಶರಣರು ಒಪ್ಪಲಿಲ್ಲ, ಅವುಗಳಲ್ಲಿ ಜನನ ಸೂತಕವೂ ಒಂದು ಎಂದು ಪ್ರವಚನಗಳಲ್ಲಿ ನಾವೆಲ್ಲ ಕೇಳಿದ್ದೇವೆ. ಆದರೂ ನಮ್ಮ ಎಷ್ಟೋ ಮನೆಗಳಲ್ಲಿ ಬಾಣಂತಿಯ ತಟ್ಟೆ, ಲೋಟ, ಹಾಸಿಗೆ ಬೇರೆ. ಅವಳ ಕೋಣೆಗೆ ಬೆಳಕಿಲ್ಲ. ಅವಳನ್ನು ಮುಟ್ಟಿದವರು ಮೀಯಬೇಕು. ಸೋಂಕು ತಗಲದಿರಲೆಂದು ಕೈ ತೊಳೆದು ಕೂಸನ್ನು ಎತ್ತಿಕೊಳ್ಳುವುದು ಬೇರೆ, ಮೈಲಿಗೆಯೆಂದು ತಾಯಿಯನ್ನು ಮೂಲೆಗೆ ಕೂರಿಸುವುದು ಬೇರೆ. ಮೊದಲನೆಯದನ್ನು ಕಲಿತು ಎರಡನೆಯದನ್ನು ಬಿಡಬೇಕು.

ಮೂಲೆಯಲ್ಲಿ ಒಂಟಿಯಾಗಿ ಕೂತ ತಾಯಿಯ ಮನಸ್ಸಿನ ಸ್ಥಿತಿಯನ್ನು ಯಾವ ತರಗತಿ ಮಾತನಾಡುತ್ತದೆಂಬುದನ್ನೂ ನೋಡಬೇಕು. ಹೆರಿಗೆಯಾದ ಮೊದಲ ಎರಡು ವಾರಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಬಹುತೇಕ ತಾಯಂದಿರಲ್ಲಿ ಕಾಣುವಂತಹುದೇ, ತಾನಾಗಿ ಇಳಿಯುತ್ತದೆ. ಎರಡು ವಾರ ಮೀರಿಯೂ ಉಳಿದರೆ, ಕೂಸನ್ನು ಕಂಡರೆ ಏನೂ ಅನ್ನಿಸದಿದ್ದರೆ, ಬದುಕೇ ಬೇಡವೆನಿಸಿದರೆ ಅದು ಖಿನ್ನತೆ, ಅದಕ್ಕೆ ಚಿಕಿತ್ಸೆಯಿದೆ. ಬಾಣಂತಿ ಸನ್ನಿಯೆಂದು ಹಿರಿಯರು ಕರೆಯುವ, ನಿದ್ದೆಗೆಟ್ಟು ಇಲ್ಲದ್ದನ್ನು ಕಂಡು ಕೇಳಿ ಮಾತನಾಡುವ ಸ್ಥಿತಿಯಂತೂ ತಾಯಿ-ಕೂಸು ಇಬ್ಬರ ಪ್ರಾಣಕ್ಕೂ ಅಪಾಯ ತರಬಲ್ಲದು. ಗಾಳಿ ಸೋಕಿತೆಂದು ಯಂತ್ರ ಕಟ್ಟಿಸಲು ಓಡಾಡುವ ಹೊತ್ತಿನಲ್ಲಿ ಅವಳನ್ನು ಅದೇ ದಿನ ಮನೋವೈದ್ಯರಲ್ಲಿಗೆ ಒಯ್ಯಬೇಕು. ಮಠಕ್ಕೆ ಬಂದು ವಿಭೂತಿ ಪಡೆಯುವುದಕ್ಕೆ ಯಾರದೂ ಅಡ್ಡಿಯಿಲ್ಲ; ಆಸ್ಪತ್ರೆಯ ದಾರಿಯಲ್ಲಿ ಪಡೆದುಕೊಂಡು ಹೋಗಲಿ.

ಗಂಡಸರ ಪಾಲೇನು? ತರಗತಿಯಲ್ಲಿ ಗಂಡ ಹೆಂಡತಿಯ ಬೆನ್ನು ನೀವುವುದನ್ನು ಕಲಿಯುವ ಚಿತ್ರವನ್ನು ಕಂಡು ನಗುವವರಿದ್ದಾರೆ. ಹೆರಿಗೆಯ ಹೊತ್ತಿನಲ್ಲಿ ಪಕ್ಕದಲ್ಲಿಯೇ ಒಬ್ಬರು ಬಿಡದೆ ಇರುವುದರಿಂದ ಏನಾಗುತ್ತದೆಂಬುದನ್ನು ಹಲವು ದೇಶಗಳ 15 ಸಾವಿರಕ್ಕೂ ಹೆಚ್ಚು ಗರ್ಭಿಣಿಯರಲ್ಲಿ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪರಿಶೀಲಿಸಲಾಯಿತು. ಜೊತೆಗಾರರಿದ್ದವರಲ್ಲಿ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ಬೇನೆಯ ಅವಧಿಯೂ ಸ್ವಲ್ಪ ಕಡಿಮೆ. 2016ರಲ್ಲಿಯೇ ಕೇಂದ್ರ ಆರೋಗ್ಯ ಸಚಿವಾಲಯವು ಸರಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ಜೊತೆಗಾರರಿಗೆ ಅವಕಾಶ ಕೊಟ್ಟಿದೆ. ಮರೆಯ ವ್ಯವಸ್ಥೆಯಿರುವಲ್ಲಿ ಗಂಡ, ಇಲ್ಲದಲ್ಲಿ ಹೆತ್ತು ಅನುಭವವಿರುವ ಹೆಣ್ಣುಮಗಳೊಬ್ಬಳು. ಆದರೆ ಹೆದರಿ ನಡುಗುವ ಜೊತೆಗಾರ್ತಿಯಿಂದ ಉಪಕಾರವಾಗದು. ಒಳಗೆ ಹೋಗುವವರು ಯಾರೋ ಅವರೇ ತರಗತಿಯಲ್ಲಿ ಕೂತಿರಬೇಕು ಎಂಬ ನಮ್ಮ ಹಟಕ್ಕೆ ಇದೂ ಒಂದು ಕಾರಣ.

ಇನ್ನು ದೂರವಿರಬೇಕಾದ ತರಗತಿಗಳ ಬಗೆಗೆ. ‘ನಾರ್ಮಲ್ ಡೆಲಿವರಿ ಖಚಿತ’ ಎಂದು ಫಲಕ ಹಾಕಿದವರನ್ನು ನಂಬಬೇಡಿ. ಖಾಸಗಿ ಆಸ್ಪತ್ರೆಗಳಲ್ಲಿ ಶೇಕಡ 47.4, ಸರಕಾರಿ ಆಸ್ಪತ್ರೆಗಳಲ್ಲಿ ಶೇಕಡ 14.3 ಸಿಸೇರಿಯನ್ ಎಂದು ದೇಶದ ಅಂಕಿಗಳು ಹೇಳುವಾಗ ಅನುಮಾನ ಬರುವುದು ನ್ಯಾಯವೇ. ‘ಏಕೆ ಬೇಕು, ಕಾದು ನೋಡಬಹುದೇ’ ಎಂದು ವೈದ್ಯರನ್ನು ಕೇಳುವ ಧೈರ್ಯವನ್ನು ತರಗತಿ ಕೊಡಬೇಕು. ಆದರೆ ಕೂಸಿನ ಎದೆಬಡಿತ ಇಳಿಯುತ್ತಿರುವಾಗ ಕತ್ತರಿ ಬೇಡವೆಂದು ಸಹಿ ಮಾಡದೆ ಕೂರುವ ಹಟವನ್ನು ಕಲಿಸಬಾರದು. ಸಿಸೇರಿಯನ್ ಆದವಳು ಸೋತವಳೆಂಬ ಭಾವನೆ ಹುಟ್ಟಿಸುವ ಪಾಠ ಪಾಠವೇ ಅಲ್ಲ.

ಹಾಲಿನ ಪುಡಿಯ ಕಂಪನಿಯ ಹೆಸರು ಗೋಡೆಯ ಮೇಲಿದ್ದರೆ ಎದ್ದು ಬನ್ನಿ. ಶಿಶು ಆಹಾರಕ್ಕೆ ಸಂಬಂಧಿಸಿದ 1992ರ ಕಾಯಿದೆ, ಅದರ 2003ರ ತಿದ್ದುಪಡಿಗಳು ಗರ್ಭಿಣಿಯರಿಗೆ ಅಂತಹ ಪುಡಿಯ ಮಾದರಿ ಹಂಚುವುದನ್ನೂ, ಪ್ರಚಾರ ಮಾಡುವುದನ್ನೂ ನಿಷೇಧಿಸಿವೆ. ಹೊಕ್ಕುಳಬಳ್ಳಿಯ ರಕ್ತವನ್ನು ಹಣ ಕೊಟ್ಟು ‘ಬ್ಯಾಂಕಿ’ನಲ್ಲಿಡಿ ಎಂದು ತರಗತಿಯ ನಡುವೆ ಬಂದು ಹೇಳುವವರೂ ಇದ್ದಾರೆ, ಮಗುವಿನ ಸ್ವಂತ ಉಪಯೋಗಕ್ಕೆಂದು ಹೀಗೆ ಕಾದಿಡುವುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಪುರಸ್ಕರಿಸುವುದಿಲ್ಲ. ಗರ್ಭಸಂಸ್ಕಾರದ ಹೆಸರಿನ ತರಗತಿಗಳಲ್ಲಿ ವಚನ ಕೇಳಿ, ಶಾಂತವಾಗಿ ಕೂತು ಶಿವಯೋಗ ಮಾಡಿದರೆ ತಾಯಿಯ ಮನಸ್ಸಿಗೆ ನೆಮ್ಮದಿ ಸಿಗುತ್ತದೆ, ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಬುದ್ಧಿವಂತ ಮಗು, ಬೆಳ್ಳಗಿನ ಮಗು ಹುಟ್ಟಿಸಿಕೊಡುವ ಮಾತು ವ್ಯಾಪಾರ. ಗಂಡು ಹುಟ್ಟಲು ಉಪಾಯ ಹೇಳುವವರು ಕಂಡುಬಂದರೆ ಅವರು 1994ರ ಲಿಂಗಪತ್ತೆ ನಿಷೇಧ ಕಾಯಿದೆಯ ಎಲ್ಲೆಯೊಳಗೆ ಬರುವವರು. ದೂರು ಕೊಡಲು ಹಿಂಜರಿಯಬಾರದು.

ಹಣವಿಲ್ಲದವರು ಏನು ಮಾಡಬೇಕೆಂಬ ಪ್ರಶ್ನೆ ನ್ಯಾಯವಾದದ್ದು. ಪ್ರತಿ ತಿಂಗಳ 9ರಂದು ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ನಡೆಯುತ್ತದೆ. 2016ರಿಂದ ಇದು ದೇಶದಾದ್ಯಂತ ಜಾರಿಯಲ್ಲಿದೆ. ಆ ದಿನ ವೈದ್ಯರೊಡನೆ ಕೇಳಬೇಕಾದದ್ದನ್ನು ಬರೆದುಕೊಂಡು, ಅತ್ತೆಯನ್ನೋ ಅಮ್ಮನನ್ನೋ ಕರೆದುಕೊಂಡು ಹೋದರೆ ಅದೇ ಒಂದು ತರಗತಿ. ಆಸ್ಪತ್ರೆಯಲ್ಲಿ ಹೆತ್ತು ಮನೆಗೆ ಬಂದ ತಾಯಿಯನ್ನು ಆಶಾ ಕಾರ್ಯಕರ್ತೆ 3, 7, 14, 21, 28 ಹಾಗೂ 42ನೆಯ ದಿನಗಳಲ್ಲಿ ಮನೆಗೇ ಬಂದು ನೋಡಬೇಕೆಂಬ ನಿಯಮವಿದೆ. ಗಡಚಿರೋಲಿಯ ಹಳ್ಳಿಗಳಲ್ಲಿ ವೈದ್ಯ ದಂಪತಿಗಳಾದ ಅಭಯ್ ಬಂಗ್ ಮತ್ತು ರಾಣಿ ಬಂಗ್ ಅವರು ಊರಿನ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ಮನೆಮನೆಗೆ ಕಳುಹಿಸಿ, ಹಸುಗೂಸುಗಳ ಸಾವನ್ನು ಅರ್ಧಕ್ಕಿಂತ ಹೆಚ್ಚು ಇಳಿಸಿ ತೋರಿಸಿದ್ದರಿಂದ ಹುಟ್ಟಿದ ನಿಯಮವಿದು. ಇಂತಹ ಭೇಟಿಗೆ ಬಂದ ಆಶಾಳನ್ನು ಜಗಲಿಯಲ್ಲಿಯೇ ನಿಲ್ಲಿಸಿ ‘ಎಲ್ಲ ಆರಾಮ ಅದಾರ’ ಎಂದು ಕಳುಹಿಸಿಬಿಡುವುದು ಉಳ್ಳವರ ಮನೆಗಳಲ್ಲಿ ಹೆಚ್ಚು. ಅವಳನ್ನು ಒಳಗೆ ಕರೆದು, ಕೂಸನ್ನು ಬಿಚ್ಚಿ ತೋರಿಸಬೇಕು. ಹಾಲು ಎಳೆಯದ ಕೂಸು, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಬಾರಿ ಉಸಿರೆಳೆಯುವ ಕೂಸು, ಮೈ ಸುಡುವ ಅಥವಾ ತಣ್ಣಗಾದ ಕೂಸು, ಅಂಗೈ ಅಂಗಾಲಿನವರೆಗೆ ಕಾಮಾಲೆ ಇಳಿದ ಕೂಸು ಬೆಳಗಾಗುವವರೆಗೆ ಕಾಯುವಂತಹವಲ್ಲ.

ಕೊನೆಯದಾಗಿ ಭಕ್ತರ ಮುಂದೆ ಒಂದು ಸಲಹೆ. ಕುಬಸದ ದಿನ ನಮ್ಮ ಮನೆಗಳಲ್ಲಿ ಬೀಗರು, ಬಂಧುಗಳು, ಓಣಿಯ ಹಿರಿಯ ಹೆಣ್ಣುಮಕ್ಕಳೆಲ್ಲ ಸೇರುತ್ತಾರೆ. ಮುಂದೆ ಬಾಣಂತನ ಮಾಡುವವರೆಲ್ಲ ಒಂದೇ ಚಾಪೆಯ ಮೇಲೆ ಕೂರುವ ದಿನ ಅದೊಂದೇ. ಆರತಿಗೂ ಪ್ರಸಾದಕ್ಕೂ ನಡುವೆ ಅರ್ಧ ಗಂಟೆ ಬಿಡುವು ಮಾಡಿ, ಊರಿನ ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಕೇಂದ್ರದ ದಾದಿಯನ್ನೋ ಕರೆಸಿ, ಮೊದಲ ಗಂಟೆಯ ಹಾಲಿನ ಬಗೆಗೆ, ಎರೆಯುವುದರ ಬಗೆಗೆ, ಆಸ್ಪತ್ರೆಗೆ ಯಾವಾಗ ಓಡಬೇಕೆಂಬುದರ ಬಗೆಗೆ ಮಾತನಾಡಿಸಿರಿ. ಅವರಿಗೂ ಒಂದು ಉಡಿ ತುಂಬಿ ಕಳುಹಿಸಿರಿ.